ತಪ್ಪಿದರೆ ಕೂರುವ ಕರಡಿ

ಜನವರಿ 11

ತಂಗಿ,

ನಾವೆಲ್ಲ ಕ್ಷೇಮ, ನೀನೂ ಕ್ಷೇಮವೆಂದು ನಂಬಿದ್ದೇನೆ ಎಂದು ಶುರು ಮಾಡಬೇಕು. ಒಂದೂವರೆ ವರ್ಷ ಮಾತು ಬಿಟ್ಟವಳಿಗೆ ಅಷ್ಟು ಚೆಂದದ ಸುಳ್ಳು ಬರೆಯುವುದು ನನ್ನಿಂದಾಗದು. ನೇರ ವಿಷಯಕ್ಕೆ ಬರುತ್ತೇನೆ.

ಸೂಜಿಗೆ ಐದು ತುಂಬಿತು. ನೀನು ಹೋದಾಗ ಮೂರೂವರೆ. ಮಗಳು ಹೆಸರಿಗೆ ತಕ್ಕ ಹಾಗೆ ಈಗಲೂ ಸಣಕಲಿ, ಈಗಲೂ ಮಾತಿನಲ್ಲಿ ಚುಚ್ಚುತ್ತಾಳೆ. ಶಿಶುವಿಹಾರ ಮುಗಿಸಿ ಮುಂದಿನ ವರ್ಷ ಒಂದನೇ ತರಗತಿಗೆ ಹೋಗಬೇಕಿತ್ತು.

ನಿನ್ನೆ ಅವಳ ಟೀಚರ್ ನನ್ನನ್ನು ಕರೆಸಿ ಒಂದು ಹಾಳೆ ಕೈಗೆ ಕೊಟ್ಟರು. ಈ ವರ್ಷ ಶಾಲೆಗೆ ಟ್ಯಾಬ್ಲೆಟ್‌ಗಳು ಬಂದಿವೆ. ಮಕ್ಕಳು ವಾರಕ್ಕೊಂದು ದಿನ ಅದರಲ್ಲಿ ಎಣಿಕೆಯ ಆಟ ಆಡುತ್ತಾರೆ. ಯಾವ ಮಗುವಿಗೆ ಎಷ್ಟು ಬರುತ್ತದೆ ಎಂದು ಆಟವೇ ವರದಿ ಕೊಡುತ್ತದೆ. ಸೂಜಿಯ ವರದಿ ಇದು: ‘ಮೂರರವರೆಗಿನ ಎಣಿಕೆಯೂ ಬಂದಿಲ್ಲ. ಪ್ರತ್ಯೇಕ ಕಲಿಕಾ ಘಟಕಕ್ಕೆ ಶಿಫಾರಸು.’ ಆ ಘಟಕ ಊರಿನ ಇನ್ನೊಂದು ತುದಿಯಲ್ಲಿ, ಹಳೆಯ ಕಟ್ಟಡವೊಂದರ ಹಿಂಭಾಗದಲ್ಲಿದೆ. ಅಲ್ಲಿಗೆ ಹೋದ ಮಗು ಈ ಶಾಲೆಗೆ ವಾಪಸು ಬಂದದ್ದನ್ನು ನಾನಂತೂ ಕಂಡಿಲ್ಲ. ಮಾರ್ಚ್ 20ಕ್ಕೆ ಸಭೆಯಂತೆ, ಅವತ್ತೇ ತೀರ್ಮಾನವಂತೆ.

ಟೀಚರ್ ಟ್ಯಾಬ್ಲೆಟ್ ತೆರೆದು ತೋರಿಸಿದರು. ಪರದೆಯ ಮೇಲೆ ಒಂದು ಕರಡಿ ಬಂತು. ಕಂದು ಬಣ್ಣ, ಕೊರಳಿಗೆ ಹಳದಿ ಮಫ್ಲರ್, ಎಡಗಿವಿ ಮುಂದಕ್ಕೆ ಮಡಚಿದೆ. ಆ ಕಿವಿ ಯಾಕೆ ಮಡಚಿದೆ ಎಂದು ಲೋಕದಲ್ಲಿ ಇಬ್ಬರಿಗೇ ಗೊತ್ತು. ಸೂಜಿಗೆ ಒಂದು ವರ್ಷ ತುಂಬಿದಾಗ ಬಟ್ಟೆಯ ಕರಡಿ ಹೊಲಿಯುತ್ತಾ ನಾನು ಕಿವಿಯನ್ನು ಉಲ್ಟಾ ಇಟ್ಟುಬಿಟ್ಟೆ, ನೀನು ‘ಬಿಚ್ಬೇಡ ಅಕ್ಕ, ಹಾಗೇ ಚೆನ್ನಾಗಿದೆ’ ಅಂದೆ. ಹಾಳೆಯ ಕೆಳಗೆ ನಿಮ್ಮ ಕಂಪನಿಯ ಹೆಸರು ಓದುವ ಮೊದಲೇ ನನಗೆ ಗೊತ್ತಾಯಿತು.

ನನ್ನ ಕರಡಿಯನ್ನು ಕೇಳದೆ ಕೊಂಡೊಯ್ದದ್ದು ಇರಲಿ. ಆ ಕರಡಿ ನನ್ನ ಮಗಳನ್ನು ದಡ್ಡಿ ಅನ್ನುತ್ತಿದೆ. ಯಾಕೆ ಎಂದು ನನಗೆ ನೀನು ಹೇಳಬೇಕು.

ಫೋನ್ ಮಾಡಬೇಡ. ನಿನ್ನ ದನಿ ಕೇಳಿದರೆ ಬೈಯುತ್ತೇನೆ, ಇಲ್ಲವೇ ಅಳುತ್ತೇನೆ. ಎರಡೂ ನನಗೆ ಬೇಡ. ಬರೆ.

ನಿನ್ನ ಅಕ್ಕ

ಜನವರಿ 22

ಪ್ರೀತಿಯ ಅಕ್ಕ,

ನಿನ್ನ ಅಕ್ಷರ ನೋಡಿ ಲಕೋಟೆ ಒಡೆಯುವುದಕ್ಕೆ ಎರಡು ದಿನ ಬೇಕಾಯಿತು. ಕರಡಿಯ ವಿಷಯದಲ್ಲಿ ಕ್ಷಮಿಸು. ಕಂಪನಿಗೆ ಸೇರಿದ ಮೊದಲ ವಾರ ‘ಮಕ್ಕಳಿಗೆ ಇಷ್ಟವಾಗುವ ಪ್ರಾಣಿಯ ಚಿತ್ರ ಬರೀರಿ’ ಎಂದರು. ಬೇರೆ ಯಾವ ಪ್ರಾಣಿಯೂ ಕೈಗೆ ಬರಲಿಲ್ಲ.

ಆದರೆ ಆಟ ತಪ್ಪು ಹೇಳುತ್ತಿದೆ ಎಂಬ ನಿನ್ನ ಮಾತನ್ನು ಒಪ್ಪುವುದು ಕಷ್ಟ. ಅದು ಹೇಗೆ ನಡೆಯುತ್ತದೆ ಎಂದು ಹೇಳುತ್ತೇನೆ. ಪರದೆಯಲ್ಲಿ ಸೇಬೋ ಮೀನೋ ಬರುತ್ತವೆ. ಮಗು ಎಣಿಸಿ, ಕೆಳಗಿನ ಮೂರು ಅಂಕಿಗಳಲ್ಲಿ ಒಂದನ್ನು ಒತ್ತಬೇಕು. ಸರಿಯಾದರೆ ಕರಡಿಗೆ ಒಂದು ಬಲೂನು. ಮೂರು ಬಲೂನಾದರೆ ಕರಡಿ ಹಾರಿಹೋಗುತ್ತದೆ, ಮುಂದಿನ ಹಂತಕ್ಕೆ ಮೊಲ ಬರುತ್ತದೆ. ಒಂದೇ ಪ್ರಾಣಿಯಾದರೆ ಮಕ್ಕಳಿಗೆ ಬೇಜಾರಾಗುತ್ತದೆ ಎಂದು ಹಾಗೆ ಮಾಡಿದ್ದೇವೆ.

ತಪ್ಪಾದರೆ ನಮ್ಮ ಆಟ ಬೈಯುವುದಿಲ್ಲ. ಕೆಂಪು ಗುರುತಿಲ್ಲ, ಕರ್ಕಶ ಸದ್ದಿಲ್ಲ. ಅದಕ್ಕಾಗಿ ನಾನು ಇಲ್ಲಿ ತಿಂಗಳುಗಟ್ಟಲೆ ಜಗಳವಾಡಿದ್ದೇನೆ. ತಪ್ಪಾದರೆ ಕರಡಿ ಮಗುವಿನ ಕಡೆ ತಿರುಗಿ ಕೂತು ‘ಪರವಾಗಿಲ್ಲ, ನಾನಿಲ್ಲೇ ಇದೀನಿ, ಇನ್ನೊಂದ್ಸಲ ನೋಡೋಣ’ ಅನ್ನುತ್ತದೆ. ಆಮೇಲೆ ಹೊಸ ಪ್ರಶ್ನೆ. ಒಂದು ಸಲ ಆಡಲು ಕೂತರೆ ಒಂಬತ್ತು ಪ್ರಶ್ನೆ, ಅಷ್ಟೆ.

ನಾನೂರು ಮಕ್ಕಳ ಮೇಲೆ ಪರೀಕ್ಷೆ ಮಾಡಿದ ಮೇಲೆಯೇ ಶಾಲೆಗಳಿಗೆ ಕೊಟ್ಟದ್ದು. ನೀನು ತಾಯಿ, ತಾಯಿಯ ಕಣ್ಣಿನಿಂದ ನೋಡುತ್ತೀಯ, ಸಹಜ. ಕೆಲವು ಮಕ್ಕಳಿಗೆ ಸ್ವಲ್ಪ ಸಮಯ ಬೇಕಾಗುತ್ತದೆ. ಅದರಲ್ಲಿ ಅವಮಾನವೇನಿಲ್ಲ. ಘಟಕದಲ್ಲಿ ಅವಳಿಗೆ ಹೆಚ್ಚಿನ ಗಮನ ಸಿಕ್ಕರೂ ಸಿಗಬಹುದು.

ಸೂಜಿ ನನ್ನನ್ನು ಕೇಳುತ್ತಾಳೆಯೇ?

ಪ್ರೀತಿಯಿಂದ,
ನಿನ್ನ ತಂಗಿ

ಜನವರಿ 30

ತಂಗಿ,

ಪತ್ರ ಬಂತು. ಕಾಗದ ಒಳ್ಳೆಯದಿದೆ.

ಮೊನ್ನೆ ಒಂದು ಕೋಟಿನ ಕೆಲಸವಿತ್ತು. ನಾನು ಹೊಲಿಗೆ ಮೆಷಿನ್ ಮುಂದೆ ಕೂತು ‘ಸೂಜಿ, ಏಳು ನೀಲಿ ಗುಂಡಿ’ ಅಂದೆ. ಮೇಜಿನ ಕೆಳಗಿಂದ ಏಳು ನೀಲಿ ಗುಂಡಿ ಬಂದವು. ಜೊತೆಗೊಂದು ಪ್ರಶ್ನೆ: ‘ಈ ಕಡೆ ಮೂರು, ಆ ಕಡೆ ಮೂರು. ಆರು ಸಾಕಲ್ಲಮ್ಮ, ಇನ್ನೊಂದ್ಯಾಕೆ?’ ಒಂದು ಬಿದ್ದುಹೋದರೆ ಇರಲಿ ಎಂದು ಕೋಟಿನ ಒಳಗಡೆ ಒಂದು ಹೆಚ್ಚಿಗೆ ಹೊಲಿದಿರುತ್ತೇವೆ ಎಂದು ಹೇಳಿಕೊಟ್ಟೆ. ಮೂರರವರೆಗೆ ಎಣಿಸಲಾರದ ಮಗು ಇದು. ನಿನ್ನ ನಾನೂರು ಮಕ್ಕಳಲ್ಲಿ ಯಾರು ಮೂರು ಮೂರು ಆರು ಅಂದಿದ್ದಾರೆ ನೋಡಿ ಹೇಳು.

ಸಮಯ ಬೇಕಂತೆ, ಗಮನ ಸಿಗುತ್ತದಂತೆ. ನಿನ್ನ ಮಾತು ಓದಿ ಮೈಯೆಲ್ಲ ಉರಿಯಿತು. ನಾನು ಟೀಚರ್ ಮುಂದೆ ಈ ಗುಂಡಿಯ ಕತೆ ಹೇಳಿದರೆ ಅವರೂ ನಿನ್ನ ಹಾಗೆಯೇ ತಲೆ ವಾರೆ ಮಾಡಿ ನಕ್ಕರು. ‘ಅಮ್ಮಂದಿರು ಹಾಗೇ ಹೇಳೋದು’ ಅಂದರು.

ಅದಕ್ಕಿಂತ ಸಂಕಟದ ವಿಷಯ ಬೇರೆ ಇದೆ. ನಿನ್ನ ಭಾವ ವರದಿ ನೋಡಿ ಮೊದಲ ದಿನ ನಕ್ಕಿದ್ದರು. ಈಗ ಊಟಕ್ಕೆ ಕೂತಾಗ ‘ಎಷ್ಟು ತಟ್ಟೆ ಇದೆ ಹೇಳು’ ಎಂದು ಅವಳನ್ನು ಪರೀಕ್ಷಿಸುತ್ತಾರೆ. ಅವಳು ಅವರ ಮುಖ ನೋಡಿ ಬಾಯಿ ಮುಚ್ಚಿಕೊಳ್ಳುತ್ತಾಳೆ. ‘ಮೆಷಿನ್‌ಗೆ ಸುಳ್ಳು ಹೇಳಿ ಏನಾಗ್ಬೇಕಿದೆ ಹೇಳು’ ಎಂದು ನನ್ನನ್ನೇ ಕೇಳಿದರು. ಸ್ವಂತ ಅಪ್ಪ, ಮಗಳನ್ನು ಬಿಟ್ಟು ಹಾಳೆಯನ್ನು ನಂಬಿದರು.

ನಿನ್ನನ್ನು ಕೇಳುತ್ತಾಳೆಯೇ ಎಂದೆಯಲ್ಲ. ಕೇಳುವುದಿಲ್ಲ. ನೀನು ಹೋದ ಮೇಲೆ ಹದಿನೈದು ದಿನ ಮಂಚದ ಕೆಳಗೆ, ಬಟ್ಟೆಯ ರಾಶಿಯ ಹಿಂದೆ ಹುಡುಕಿದಳು. ಆಮೇಲೆ ಬಿಟ್ಟಳು.

ಅಕ್ಕ

ಫೆಬ್ರುವರಿ 9

ಅಕ್ಕ,

ನಿನ್ನ ಪತ್ರವನ್ನು ಹತ್ತು ಸಲ ಓದಿದ್ದೇನೆ. ಕಡೆಯ ನಾಲ್ಕು ಸಾಲಿಗೆ ಉತ್ತರ ಬರೆಯಲು ಕೂತರೆ ಕೈ ಓಡುವುದಿಲ್ಲ. ಅದನ್ನು ಬದಿಗಿಟ್ಟು, ಈಗ ಕೈಲಾಗುವುದನ್ನು ಮಾಡುತ್ತೇನೆ.

ಮೂರು ಮೂರು ಆರು ಎನ್ನುವ ಮಗು ಆ ವರದಿಗೆ ಹೊಂದುವುದಿಲ್ಲ. ನಾನು ಹಾಗೆ ಬರೆಯಬಾರದಿತ್ತು. ಎರಡು ಕೆಲಸ ಮಾಡು. ವರದಿಯ ಮೇಲ್ತುದಿಯಲ್ಲಿ ಆರಂಕಿಯ ಒಂದು ಸಂಖ್ಯೆ ಇರುತ್ತದೆ, ಅದು ಸೂಜಿಯ ಗುರುತು. ಬರೆದು ಕಳಿಸು. ಅವಳು ಯಾವ ದಿನ ಯಾವ ಅಂಕಿ ಒತ್ತಿದಳು ಎಂಬುದೆಲ್ಲ ಇಲ್ಲಿ ಉಳಿದಿರುತ್ತದೆ. ನೋಡಲು ಮ್ಯಾನೇಜರ್ ಅಪ್ಪಣೆ ಬೇಕು, ಪಡೆಯುತ್ತೇನೆ.

ಎರಡನೆಯದು, ಅವಳು ಆಡುವ ದಿನ ಟೀಚರ್‌ಗೆ ಹೇಳಿ ಹಿಂದೆ ಕೂತು ನೋಡು. ಪರದೆಯನ್ನಲ್ಲ, ಅವಳ ಬೆರಳನ್ನು ನೋಡು. ಮಾತಾಡಬೇಡ, ಕೆಮ್ಮಬೇಡ, ನಿನ್ನ ಆ ಉಸಿರೂ ಬಿಡಬೇಡ. ನೀನು ಹಿಂದೆ ನಿಂತು ಉಸಿರು ಬಿಟ್ಟರೆ ದೊಡ್ಡವರ ಕೈಯೇ ನಡುಗುತ್ತದೆ, ನನ್ನನ್ನೇ ಕೇಳು.

ತಂಗಿ

ಫೆಬ್ರುವರಿ 20

ತಂಗಿ,

ಸಂಖ್ಯೆ 408172. ಹೋಗಿದ್ದೆ. ಉಸಿರು ಬಿಡಲಿಲ್ಲ.

ಗೋಡೆಯ ಪಕ್ಕ ಆರು ಮಕ್ಕಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಪುಟ್ಟ ಕುರ್ಚಿಗಳಲ್ಲಿ ಕೂತಿದ್ದವು. ನಾನು ಸೂಜಿಯ ಹಿಂದೆ ಬಣ್ಣದ ಕಾಗದಗಳ ಕಪಾಟಿಗೆ ಒರಗಿ ನಿಂತೆ. ಏಳು ಮೀನು ಬಂದವು. ಕೆಳಗೆ ನಾಲ್ಕು, ಏಳು, ಒಂಬತ್ತು. ಅವಳ ತುಟಿ ಅಲ್ಲಾಡಿತು. ಬೆರಳು ಸೀದಾ ಏಳರ ಮೇಲೆ ಹೋಯಿತು. ಒತ್ತಲಿಲ್ಲ, ಅಲ್ಲೇ ನಿಂತಿತು. ಆಮೇಲೆ ಪಕ್ಕಕ್ಕೆ ಸರಿದು ನಾಲ್ಕನ್ನು ಒತ್ತಿತು. ಕರಡಿ ಕೂತಿತು. ಇವಳು ಕುರ್ಚಿಗೆ ಒರಗಿ, ಕಾಲು ಅಲ್ಲಾಡಿಸಿಕೊಂಡು, ಅದು ಹೇಳುವುದನ್ನು ಪೂರ್ತಿ ಕೇಳಿಸಿಕೊಂಡಳು.

ಒಂಬತ್ತು ಪ್ರಶ್ನೆಗೂ ತಪ್ಪನ್ನೇ ಒತ್ತಿದಳು. ಎರಡು ಸಲ ಬೆರಳು ಸರಿ ಅಂಕಿಯ ಮೇಲೆ ನಿಂತದ್ದನ್ನು ಕಣ್ಣಾರೆ ಕಂಡೆ. ಉಳಿದವಕ್ಕೆ ಅವಳ ಕೈ ಅಡ್ಡ ಬಂತು.

ಟೀಚರ್‌ಗೆ ಹೇಳಿದೆ. ಪಾಪ, ಕೆಟ್ಟವರಲ್ಲ. ಮೂವತ್ತನಾಲ್ಕು ಮಕ್ಕಳನ್ನು ಒಬ್ಬರೇ ಹಿಡಿಯಬೇಕು.

‘ಬೆರಳು ಎಲ್ಲಿ ಹೋಯ್ತು ಅನ್ನೋದು ವರದೀಲಿ ಬರಲ್ಲಮ್ಮ, ಎಲ್ಲಿ ಒತ್ತಿತು ಅನ್ನೋದೇ ಬರೋದು,’ ಅಂದರು.

‘ನಾನು ಕಣ್ಣಲ್ಲಿ ನೋಡಿದೀನಲ್ಲ ಟೀಚರ್?’

‘ನೀವು ನೋಡಿದ್ದನ್ನ ಹೆಡ್‌ ಮೇಡಂ ಕೇಳ್ತಾರಾ? ಹಾಳೆ ಕೇಳ್ತಾರೆ.’ ಆಮೇಲೆ ಇನ್ನೊಂದು ಮಾತು ಹೇಳಿದರು. ‘ಒಂದು ನೆನಪಾಯ್ತು. ಟ್ಯಾಬ್ಲೆಟ್ ಬಂದ ಮೊದಲ್ನೇ ದಿನ, ಸುಮ್ನೆ ಕೈ ಪಳಗಲಿ ಅಂತ ಆಡ್ಸಿದ್ವಿ. ಅವತ್ತು ಎಲ್ಲರಿಗಿಂತ ಮೊದ್ಲು ಮುಗ್ಸಿದ್ದು ಇವಳೇ. ಮುಗ್ಸಿ ಹೋ ಅಂತ ಅತ್ತಳು. ಹೊಟ್ಟೆನೋವೇನೋ ಅಂದ್ಕೊಂಡೆ. ಅವತ್ತಿಂದು ಲೆಕ್ಕಕ್ಕಿಲ್ಲ.’

ಲೆಕ್ಕಕ್ಕಿಲ್ಲವಂತೆ. ಸಭೆಗೆ ಇನ್ನು ಒಂದೇ ತಿಂಗಳು.

ಅಕ್ಕ

ಮಾರ್ಚ್ 1

ಅಕ್ಕ,

ಸೂಜಿಯ ದಾಖಲೆ ಸಿಕ್ಕಿತು. ಅದರಲ್ಲಿ ಏನಿದೆ ಎಂದು ಕೇಳು.

ಹನ್ನೊಂದು ವಾರ, ವಾರಕ್ಕೆ ಒಂಬತ್ತರಂತೆ ತೊಂಬತ್ತೊಂಬತ್ತು ಪ್ರಶ್ನೆ. ಅದರಲ್ಲಿ ಅವಳು ಸರಿ ಒತ್ತಿದ್ದು ಒಂದೂ ಇಲ್ಲ. ಮೊದಲ ನೋಟಕ್ಕೆ ಯಾರಾದರೂ ಅಯ್ಯೋ ಪಾಪ ಅನ್ನಬೇಕು. ನಮ್ಮ ಆಟವೂ ಅದನ್ನೇ ಅಂದಿತು. ಆದರೆ ಪ್ರತಿ ಪ್ರಶ್ನೆಗೂ ಇರುವುದು ಮೂರೇ ಅಂಕಿ. ಏನೂ ಬಾರದ ಮಗು ಕಣ್ಣು ಮುಚ್ಚಿ ಒತ್ತಿದರೂ ಮೂರಕ್ಕೊಂದು ಸರಿ ಬೀಳುತ್ತದೆ. ತೊಂಬತ್ತೊಂಬತ್ತರಲ್ಲಿ ಮೂವತ್ತಾದರೂ ಸರಿಯಾಗಬೇಕಿತ್ತು. ಬೆಕ್ಕು ಪರದೆಯ ಮೇಲೆ ನಡೆದುಹೋದರೂ ಇವಳಿಗಿಂತ ಹೆಚ್ಚು ಅಂಕ ಬರುತ್ತಿತ್ತು.

ಒಂದನ್ನೂ ಸರಿ ಮಾಡದೆ ಇರಬೇಕಾದರೆ ಸರಿ ಯಾವುದು ಎಂದು ಪ್ರತಿ ಸಲವೂ ಗೊತ್ತಿರಬೇಕು. ಅಕ್ಕ, ಅವಳಿಗೆ ತೊಂಬತ್ತೊಂಬತ್ತೂ ಗೊತ್ತು. ನಾನು ಕಂಡ ಮಕ್ಕಳಲ್ಲೇ ಅತ್ಯಂತ ಚೆನ್ನಾಗಿ ಎಣಿಸುವವಳು ನಿನ್ನ ಮಗಳು. ನಾವು ಯಾರೂ, ನಾನೂರು ಮಕ್ಕಳನ್ನು ನೋಡಿದವರು, ಇದನ್ನು ಯೋಚಿಸಲೇ ಇಲ್ಲ. ಮಗು ಬೇಕೆಂದೇ ತಪ್ಪು ಮಾಡಬಹುದು ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಮ್ಯಾನೇಜರ್‌ಗೆ ಹೇಳಿದೆ. ಅವರು ಬಾಗಿಲು ಮುಚ್ಚಿದರು.

‘ಚೆನ್ನಾಗಿ ಕಂಡುಹಿಡ್ದಿದೀರ. ಮುಂದಿನ ವರ್ಷದ ಆವೃತ್ತೀಲಿ ಸರಿ ಮಾಡೋಣ.’

‘ಸಭೆ ಮಾರ್ಚ್ ಇಪ್ಪತ್ತಕ್ಕಿದೆ ಸರ್. ಶಾಲೆಗೆ ಈಗ್ಲೇ ಬರೀಬೇಕು.’

‘ನೋಡಿ, ಶಾಲೆಗಳು ತಗೊಳ್ಳೋದು ಆಟವನ್ನಲ್ಲ, ವರದೀನ. ವರದಿ ತಪ್ಪು ಅಂತ ನಾವೇ ಬರೆದ್ರೆ ನಾಳೆ ಬಾಗ್ಲು ಹಾಕ್ಬೇಕಾಗುತ್ತೆ. ಅದೂ ನಿಮ್ಮ ಅಕ್ಕನ ಮಗಳು ಅಂತೀರ. ಯಾರು ನಂಬ್ತಾರೆ?’

ಏನೂ ಬರೆಯಕೂಡದು ಎಂದು ಸ್ಪಷ್ಟವಾಗಿ ಹೇಳಿದರು. ನಾನು ಇನ್ನೂ ಏನು ಮಾಡಬೇಕೆಂದು ತೀರ್ಮಾನಿಸಿಲ್ಲ. ಸುಳ್ಳು ಹೇಳುವುದಿಲ್ಲ, ಭಯವಾಗಿದೆ.

ಅದಕ್ಕೆ ಮೊದಲು ಅವಳು ಯಾಕೆ ಹೀಗೆ ಮಾಡುತ್ತಾಳೆ ಎಂಬುದು ಗೊತ್ತಾಗಬೇಕು. ಬೈಯದೆ ಕೇಳು. ಬೈಯದೆ ಕೇಳುವುದೂ ನಿನಗೆ ಬರುತ್ತದೆ, ಬರುವುದಿಲ್ಲ ಎಂದು ನಟಿಸುತ್ತೀಯ.

ತಂಗಿ

ಮಾರ್ಚ್ 6

ತಂಗಿ,

ನಿನ್ನ ಪತ್ರವನ್ನು ಅಂಗಡಿಯಲ್ಲಿ ನಿಂತೇ ಓದಿದೆ. ಅಳತೆ ಕೊಡಲು ಬಂದವರು ಕೈ ಅಗಲಿಸಿಕೊಂಡು ಕಾಯುತ್ತಿದ್ದರು. ಓದಿ ಮುಗಿಸಿ ನಿನ್ನ ಭಾವನಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಎದ್ದು ಹೋಗಿ, ಮಗಳ ಚಪ್ಪಲಿಯ ಹರಿದ ಪಟ್ಟಿ ಹೊಲಿಯುತ್ತಾ ಕೂತರು. ಬಾಯಲ್ಲಿ ಕ್ಷಮೆ ಕೇಳುವ ಜಾತಿಯಲ್ಲ ಅವರು.

ಮಧ್ಯಾಹ್ನ ಸೂಜಿಯನ್ನು ಮೇಜಿನ ಮೇಲೆ ಕೂರಿಸಿಕೊಂಡು ಗುಂಡಿ ಬೇರೆ ಮಾಡುವ ಕೆಲಸ ಕೊಟ್ಟೆ. ಮಾತಿಗೆ ಮಾತು ಸೇರಿಸಿ ಕೇಳಿದೆ.

‘ಕರಡಿ ಆಟದಲ್ಲಿ ನಿಂಗೆ ಸರಿ ಯಾವ್ದು ಅಂತ ಗೊತ್ತಾಗುತ್ತೆ ಅಲ್ವಾ?’

‘ಹೂಂ.’

‘ಮತ್ಯಾಕೆ ಒತ್ತಲ್ಲ?’

‘ಒತ್ತಿದ್ರೆ ಹೋಗ್ಬಿಡುತ್ತೆ.’

‘ಯಾರು?’

‘ಕರಡಿ. ಮೂರು ಸರಿ ಮಾಡಿದ್ರೆ ಹೋಗ್ಬಿಡುತ್ತೆ, ಮತ್ತೆ ಬರಲ್ಲ. ಮೊಲ ಬರುತ್ತೆ. ತಪ್ಪು ಮಾಡಿದ್ರೆ ಇಲ್ಲೇ ಇದೀನಿ ಅಂತ ಕೂತ್ಕೊಳ್ಳುತ್ತೆ.’ ಸ್ವಲ್ಪ ಹೊತ್ತು ಗುಂಡಿ ಹಾಕಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು: ‘ಚಿಕ್ಕಮ್ಮನೂ ಹಂಗೇ ಹೋದ್ಳಲ್ಲ. ನಾನು ಹತ್ತರ ತನಕ ಸರಿಯಾಗಿ ಎಣಿಸ್ದೆ, ಹೋದ್ಳು.’

ನನಗೆ ಅರ್ಥವಾಗಲಿಲ್ಲ. ನೀನು ಹೋಗಿದ್ದು ಅವಳು ಮಲಗಿದ್ದಾಗ. ಕತ್ತರಿಯ ಕೆಳಗೆ ನನಗೊಂದು ಚೀಟಿ ಇಟ್ಟು ಹೋದೆ. ಇದರಲ್ಲಿ ಹತ್ತು ಎಲ್ಲಿಂದ ಬಂತು? ನಿನಗೇನಾದರೂ ಗೊತ್ತಿದ್ದರೆ ಮುಚ್ಚಿಡಬೇಡ. ಈ ಒಂದೂವರೆ ವರ್ಷ ಈ ಮಗು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡಿದೆ. ಊಟಕ್ಕೆ ತಟ್ಟೆ ಎಣಿಸು ಅಂದರೆ ಅಪ್ಪನ ಮುಖ ನೋಡಿ ಸುಮ್ಮನಾಗುತ್ತಿದ್ದದ್ದು ಯಾಕೆಂದು ಈಗ ಯೋಚಿಸಿದರೆ ನನಗೆ ಅನ್ನ ಸೇರುವುದಿಲ್ಲ.

ಅಕ್ಕ

ಮಾರ್ಚ್ 10

ಅಕ್ಕ,

ಗೊತ್ತು. ಹೇಳುತ್ತೇನೆ.

ಅವಳಿಗೆ ನಾನು ದಿನವೂ ಎಣಿಕೆ ಹೇಳಿಕೊಡುತ್ತಿದ್ದೆ. ಎಂಟಾದ ಮೇಲೆ ಹತ್ತು ಅನ್ನುತ್ತಿದ್ದಳು. ಒಂದು ದಿನ ತಮಾಷೆಗೆ ‘ಹತ್ತರ ತನಕ ಒಂದೂ ತಪ್ಪದೆ ಎಣಿಸಿದ್ರೆ ನೀನು ದೊಡ್ಡೋಳಾದೆ ಅಂತ. ಆಮೇಲೆ ಚಿಕ್ಕಮ್ಮ ಯಾಕ್ಬೇಕು ನಿಂಗೆ, ನಾನು ಹೊರಟೆ’ ಅಂದಿದ್ದೆ. ಅವಳು ನನ್ನ ಕುತ್ತಿಗೆಗೆ ಜೋತುಬಿದ್ದು ನಕ್ಕಳು. ಕೆಲಸಕ್ಕೆ ಬಾ ಎಂಬ ಪತ್ರ ನನಗೆ ಆಗಲೇ ಬಂದಿತ್ತು. ನಿನಗೆ ಹೇಳಿರಲಿಲ್ಲ. ಹೇಳಿದರೆ ಮಗು ಯಾರು ನೋಡುತ್ತಾರೆ, ಅಂಗಡಿ ಯಾರು ನೋಡುತ್ತಾರೆ ಅನ್ನುತ್ತೀಯ, ನಾನು ಉಳಿದುಬಿಡುತ್ತೇನೆ ಎಂದು ಭಯ. ಹೊರಡುವ ದಿನ ಬೆಳಿಗ್ಗೆ ಅವಳು ಮೊದಲ ಬಾರಿಗೆ ಒಂಬತ್ತನ್ನು ಬಿಡದೆ ಹತ್ತರವರೆಗೆ ಎಣಿಸಿದಳು. ನಾನು ಎತ್ತಿ ಮುದ್ದಾಡಿದೆ. ಮಧ್ಯಾಹ್ನ ಅವಳು ಮಲಗಿದ ಮೇಲೆ ಹೋದೆ. ಎದ್ದಿದ್ದರೆ ಹೋಗಲಾಗುತ್ತಿರಲಿಲ್ಲ. ಹೋಗಿಬರುತ್ತೇನೆ ಎಂಬ ಒಂದು ಮಾತು ಅವಳಿಗೆ ಹೇಳಲಿಲ್ಲ.

ಆಮೇಲೆ ಇಲ್ಲಿ ಬಂದು ಅದನ್ನೇ ಆಟ ಮಾಡಿದೆ. ಸರಿ ಎಣಿಸಿದರೆ ಹೋಗುವ ಕರಡಿ. ‘ಪರವಾಗಿಲ್ಲ, ನಾನಿಲ್ಲೇ ಇದೀನಿ’ ಎಂಬುದು ಒಂಬತ್ತು ತಪ್ಪಿದಾಗಲೆಲ್ಲ ನಾನು ಅವಳಿಗೆ ಹೇಳುತ್ತಿದ್ದ ಮಾತು. ಆಟಕ್ಕೆ ಬರೆಯುವಾಗ ನನಗೆ ನೆನಪೂ ಇರಲಿಲ್ಲ.

ಇದರ ಜೊತೆ ಎರಡು ಕಾಗದ ಇಟ್ಟಿದ್ದೇನೆ. ಒಂದು ಶಾಲೆಗೆ. ತೊಂಬತ್ತೊಂಬತ್ತು ತಪ್ಪು ಏನು ಹೇಳುತ್ತದೆ ಎಂದು ನನ್ನ ಸಹಿ ಹಾಕಿ ಬರೆದಿದ್ದೇನೆ. ಮ್ಯಾನೇಜರ್‌ಗೂ ಅದರ ಪ್ರತಿ ಕೊಟ್ಟಿದ್ದೇನೆ, ಕದ್ದು ಕಳಿಸಿದಳು ಅನ್ನಬಾರದು. ಬರೆಯುವ ಮುಂಚೆ ಎಲ್ಲ ಶಾಲೆಗಳ ದಾಖಲೆ ಹುಡುಕಿದೆ. ಒಂದೂ ಸರಿ ಮಾಡದ ಮಕ್ಕಳು ಸೂಜಿಯಲ್ಲದೆ ಇನ್ನೂ ಹನ್ನೊಂದಿವೆ. ಹನ್ನೊಂದು ಮಕ್ಕಳು ಕರಡಿಯನ್ನು ಹೋಗಲು ಬಿಡದೆ ಕೂತಿದ್ದಾರೆ. ಆ ಶಾಲೆಗಳಿಗೂ ಬರೆದೆ. ಇಪ್ಪತ್ತನೇ ತಾರೀಕು ನನ್ನನ್ನು ವಿಚಾರಣೆಗೆ ಕರೆದಿದ್ದಾರೆ.

ಇನ್ನೊಂದು ಸೂಜಿಗೆ. ನೀನೇ ಓದಿ ಹೇಳು. ಒಳಗೆ ಒಂದು ಗುಂಡಿ ಇದೆ, ನೀನು ಹೊಲಿದುಕೊಟ್ಟ ನನ್ನ ಕೋಟಿನ ಒಳಗಡೆಯ ಹೆಚ್ಚಿನ ಗುಂಡಿ.

ತಂಗಿ

(ಸೂಜಿಗೆ)

ಸೂಜಿ ಮರಿ,

ನಾನು ಚಿಕ್ಕಮ್ಮ. ನೀನು ಹತ್ತು ಎಣಿಸಿದೆ ಅಂತ ನಾನು ಹೋಗ್ಲಿಲ್ಲ. ನಂಗೆ ದೂರದ ಊರಲ್ಲಿ ಕೆಲಸ ಸಿಕ್ತು, ಹೇಳೋಕೆ ಧೈರ್ಯ ಇರ್ಲಿಲ್ಲ, ಅದಕ್ಕೆ ನೀನು ಮಲಗಿದ್ದಾಗ ಹೋದೆ. ನಿನ್ನ ಎಣಿಕೆ ಸರಿ ಇತ್ತು, ತಪ್ಪು ಮಾಡಿದ್ದು ನಾನು.

ಕರಡಿ ಬಲೂನು ಹಿಡ್ಕೊಂಡು ಹೋದ್ರೆ ಕಳೆದುಹೋಗಲ್ಲ. ನಾನು ಕೆಲಸ ಮಾಡೋ ಮೇಜಿನ ಮೇಲೇ ಬಂದು ಇಳಿಯುತ್ತೆ. ಪಾಪ, ಅದಕ್ಕೂ ಸ್ವಲ್ಪ ಸುತ್ತಾಡ್ಬೇಕು ಅನ್ಸುತ್ತೆ.

ಈಗ ಒಂದು ಡಬ್ಬೀಲಿ ಮೂವತ್ತು ಗುಂಡಿ ಹಾಕು. ದಿನಕ್ಕೊಂದು ತೆಗೆದು ಅಮ್ಮಂಗೆ ವಾಪಸ್ ಕೊಡು. ಡಬ್ಬಿ ಖಾಲಿಯಾದ ದಿನ ನಾನು ನಿಮ್ಮ ಬಾಗಿಲಲ್ಲಿ ಇರ್ತೀನಿ. ನೀನು ಸರಿಯಾಗಿ ಎಣಿಸಿದ್ರೆ ಮಾತ್ರ ನಂಗೆ ಯಾವತ್ತು ಬರ್ಬೇಕು ಅಂತ ಗೊತ್ತಾಗೋದು.

ಕಳಿಸಿರೋ ಗುಂಡಿ ನನ್ನ ಕೋಟಿಂದು, ಮೂವತ್ತರಲ್ಲಿ ಸೇರಿಸ್ಬೇಡ. ನಾನು ಬಂದಾಗ ವಾಪಸ್ ಬೇಕು.

ಚಿಕ್ಕಮ್ಮ

ಮಾರ್ಚ್ 15

ತಂಗಿ,

ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು, ಓದಿದೆ. ನಿನ್ನ ಗುಂಡಿಯನ್ನು ಲಂಗದ ಜೇಬಿಗೆ ಹಾಕಿಕೊಂಡು ಹೊರಗೆ ಹೋದಳು. ಸಂಜೆ ಡಬ್ಬಿ ಕೇಳಿದಳು. ಮೂವತ್ತು ಹಾಕಿ, ಒಂದನ್ನು ತೆಗೆದು ನನ್ನ ಕೈಗಿಟ್ಟಳು. ಇವತ್ತಿನಿಂದ ಶುರು. ಹಾಗಾದರೆ ಏಪ್ರಿಲ್ 13. ನೀನು ಬರೆದುಕೊ.

ನಿನ್ನ ಸಹಿಯ ಕಾಗದ ಹೆಡ್‌ ಮೇಡಂಗೆ ಕೊಟ್ಟೆ. ಕನ್ನಡಕ ತೆಗೆದು ಓದಿದರು. ‘ಮಾತು ಸರಿಯಾಗಿದೆ. ಆದ್ರೆ ಕಾಗದದ ಮೇಲೆ ಇನ್ನೊಂದು ಕಾಗದ ಇಟ್ಟು ನಾನು ಹೇಗೆ ತೀರ್ಮಾನ ಮಾಡ್ಲಿ? ಇಪ್ಪತ್ತನೇ ತಾರೀಕು ಅದೇ ಆಟ, ನಮ್ಮೆಲ್ಲರ ಎದುರಿಗೆ ಒಂದ್ಸಲ ಸರಿ ಆಡ್ಲಿ,’ ಅಂದರು. ನಾನು ಒಳಗೆ ಇರಕೂಡದಂತೆ, ಕಣ್ಸನ್ನೆ ಮಾಡುತ್ತೇನಂತೆ. ಮಾಡುತ್ತಿದ್ದೆ, ಅದು ನಿಜ.

ಸರಿ ಒತ್ತುತ್ತೀಯಾ ಎಂದು ಸೂಜಿಯನ್ನು ಕೇಳಿದೆ. ಕರಡಿಯನ್ನು ಕಳಿಸಲು ಅವಳಿಗೆ ಮನಸ್ಸಿದೆಯೋ ಇಲ್ಲವೋ, ಮುಖ ನೋಡಿದರೆ ಗೊತ್ತಾಗುವುದಿಲ್ಲ. ನಿನ್ನ ಮೇಲೆ ಹೋಗಿದ್ದಾಳೆ.

ನಿನ್ನ ವಿಚಾರಣೆ ಮುಂದಕ್ಕೆ ಹಾಕಿಸಿ ಅವತ್ತು ಬರಲಾಗುತ್ತದೆಯೇ? ಬೇಡುತ್ತಿದ್ದೇನೆ ಅಂತಲೇ ತಿಳಿ.

ಅಕ್ಕ

ಮಾರ್ಚ್ 20

ಅಕ್ಕ,

ನಿನ್ನ ಪತ್ರ ನಿನ್ನೆ ಸಿಕ್ಕಿತು. ಬಸ್ಸು ಹತ್ತಿದ್ದರೂ ಸಭೆಗೆ ತಲುಪುತ್ತಿರಲಿಲ್ಲ.

ಈಗ ಹತ್ತು ಗಂಟೆ. ಅಲ್ಲಿ ಅವಳನ್ನು ಒಳಗೆ ಕರೆದಿರಬಹುದು. ಇಲ್ಲಿ ನನ್ನನ್ನು ಇನ್ನೂ ಕರೆದಿಲ್ಲ. ಬಾಗಿಲ ಹೊರಗೆ ಕೂತು ತೊಡೆಯ ಮೇಲಿಟ್ಟು ಬರೆಯುತ್ತಿದ್ದೇನೆ. ನನಗೆ ಏನು ಕೇಳುತ್ತಾರೆ ಎಂಬ ಯೋಚನೆಯೇ ಬರುತ್ತಿಲ್ಲ. ಅವಳ ಬೆರಳೇ ಕಣ್ಣ ಮುಂದಿದೆ.

ಹನ್ನೆರಡೂವರೆ. ಮುಗಿಯಿತು. ಆ ಹನ್ನೊಂದು ಮಕ್ಕಳ ಶಾಲೆಗಳಿಗೂ ಈಗ ಕಂಪನಿಯೇ ಬರೆಯುತ್ತದೆ, ನಾನು ಬರೆದಾಗಿದೆಯಲ್ಲ, ಬೇರೆ ದಾರಿಯಿಲ್ಲ. ಒಂದೂ ಸರಿ ಮಾಡದ ಮಗುವನ್ನು ಟೀಚರ್ ಕೂತು ನೋಡಬೇಕು ಎಂದು ವರದಿಯಲ್ಲಿ ಸೇರಿಸುತ್ತಾರೆ. ನನಗೆ ತಿಂಗಳ ಕೊನೆಯವರೆಗೆ ಮಾತ್ರ ಕೆಲಸ. ಹೇಳಿದ್ದು ಕೇಳಲಿಲ್ಲ ಎಂಬುದು ಅಪರಾಧ. ಕೇಳಲಿಲ್ಲ, ನಿಜ.

ಅಲ್ಲಿ ಏನಾಯಿತು ಅಕ್ಕ? ಫೋನ್ ಎರಡು ಸಲ ಕೈಗೆತ್ತಿಕೊಂಡು ಕೆಳಗಿಟ್ಟೆ. ಮಾಡಬೇಡ ಅಂದಿದ್ದೀಯ.

ತಂಗಿ

ಮಾರ್ಚ್ 22

ತಂಗಿ,

ನಿನ್ನ ಪತ್ರ ಇನ್ನೂ ಬಂದಿಲ್ಲ, ನಾನು ಕಾಯುವುದಿಲ್ಲ.

ಹೆಡ್‌ ಮೇಡಂ ಕೋಣೆಯ ಬಾಗಿಲಿಗೆ ಗಾಜಿದೆ. ನಾನೂ ನಿನ್ನ ಭಾವನೂ ಹೊರಗೆ ನಿಂತೆವು. ಒಳಗೆ ನಾಲ್ಕು ಜನ ದೊಡ್ಡವರು, ಒಂದು ದೊಡ್ಡ ಕುರ್ಚಿ, ಅದರಲ್ಲಿ ಇವಳು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಎಲ್ಲರಿಗೂ ಕೇಳಲಿ ಎಂದು ಹೆಡ್‌ಫೋನ್ ತೆಗೆಸಿದ್ದರು.

ಮೊದಲ ಪ್ರಶ್ನೆಗೆ ಐದು ಸೇಬು. ಬೆರಳು ಐದರ ಮೇಲೆ ಹೋಗಿ ನಿಂತಿತು. ನಿಂತೇ ಇತ್ತು. ಪಕ್ಕಕ್ಕೆ ಸರಿದು ಎರಡನ್ನು ಒತ್ತಿತು. ‘ಪರವಾಗಿಲ್ಲ, ನಾನಿಲ್ಲೇ ಇದೀನಿ’ ಅಂದಿತು ಕರಡಿ. ಒಬ್ಬರು ಪೆನ್ನು ತೆಗೆದು ಏನೋ ಬರೆದುಕೊಂಡರು. ನಿನ್ನ ಭಾವ ಬಾಗಿಲ ಹಿಡಿಯ ಮೇಲೆ ಕೈ ಇಟ್ಟರು, ನಾನು ಆ ಕೈ ಹಿಡಿದುಕೊಂಡೆ.

ಆಗ ಸೂಜಿ ಜೇಬಿಗೆ ಕೈ ಹಾಕಿದಳು. ನಿನ್ನ ಗುಂಡಿ ತೆಗೆದು ಮೇಜಿನ ಮೇಲೆ, ಟ್ಯಾಬ್ಲೆಟ್ ಪಕ್ಕದಲ್ಲಿ ಇಟ್ಟಳು. ಎಂಟು ಮೀನು ಬಂದವು, ಎಂಟು ಒತ್ತಿದಳು. ಆರು ಹಕ್ಕಿ, ಆರು. ಒಂಬತ್ತು ಚೆಂಡು ಬಂದವು. ಒಂಬತ್ತರ ಮೇಲೆ ಬೆರಳಿಟ್ಟುಕೊಂಡು ಕರಡಿಯನ್ನು ಬಹಳ ಹೊತ್ತು ನೋಡಿದಳು. ಆಮೇಲೆ ‘ಹೋಗ್ಬಾ’ ಎಂದು ಒತ್ತಿದಳು.

ಕರಡಿ ಮೇಲಕ್ಕೆ ಹೋಯಿತು. ಹೆಡ್‌ ಮೇಡಂ ಬಗ್ಗಿ ‘ಕರಡಿ ಹೋಯ್ತಲ್ಲ ಪುಟ್ಟಾ’ ಅಂದರು.

‘ಚಿಕ್ಕಮ್ಮನ ಹತ್ರ ಹೋಗಿದೆ. ಬರುತ್ತೆ,’ ಅಂದಳು. ಆಮೇಲೆ ಮೊಲದ ಜೊತೆಗೂ ಮುಂದೆ ಬಂದವುಗಳ ಜೊತೆಗೂ ಅವರು ಸಾಕು ಅನ್ನುವ ತನಕ ಆಡಿದಳು. ಒಂದೂ ತಪ್ಪಲಿಲ್ಲ. ಒಂದನೇ ತರಗತಿ, ಇದೇ ಶಾಲೆ. ಟೀಚರ್ ಹೊರಗೆ ಬಂದು ನನ್ನ ಹೆಗಲು ಮುಟ್ಟಿ ಹೋದರು. ನಿನ್ನ ಭಾವ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆಯ ತನಕ ನಡೆದರು. ದಾರಿಯುದ್ದಕ್ಕೂ ದೀಪದ ಕಂಬ ಎಣಿಸಿದಳು, ಜೋರಾಗಿ, ಅಪ್ಪನ ತಲೆ ತಿಂದುಬಿಟ್ಟಳು.

ಇನ್ನು ನನ್ನ ಮಾತು. ನಿನ್ನನ್ನು ಕೇಳದೆಯೇ ನಿನ್ನನ್ನು ಮಗುವಿಗೆ, ಅಂಗಡಿಗೆ ಇಟ್ಟುಕೊಂಡಿದ್ದೆ. ನೀನು ಹೇಳಿದ್ದರೆ ನಾನು ಕಳಿಸುತ್ತಿರಲಿಲ್ಲ. ಅದು ನಿನಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ಮಗುವಿಗೆ ಮಾಡಿದ್ದಕ್ಕೆ ಇನ್ನೂ ಸಿಟ್ಟಿದೆ, ಬಂದಾಗ ಎದುರಿಗೆ ಬೈಯುತ್ತೇನೆ. ಕೆಲಸದ ಕತೆ ಏನಾಯಿತೋ ತಿಳಿಯದು. ಹೋಗಿದ್ದರೂ ಹೋಗದಿದ್ದರೂ ನಿನ್ನ ಹಾಸಿಗೆಯ ಮೇಲಿದ್ದ ಬಟ್ಟೆಯ ರಾಶಿ ತೆಗೆದಿದ್ದೇನೆ.

ಈಗ ತಾನೇ ಸೂಜಿ ಇವತ್ತಿನ ಗುಂಡಿ ತಂದುಕೊಟ್ಟಳು. ಡಬ್ಬಿಯಲ್ಲಿ ಇನ್ನು ಇಪ್ಪತ್ತೆರಡು ಇವೆ. ನಾನೂ ಎಣಿಸಿ ನೋಡಿದೆ, ಸರಿ ಇದೆ. ಅವಳು ತಪ್ಪುವುದಿಲ್ಲ. ನೀನೂ ತಪ್ಪಬೇಡ.

ನಿನ್ನ ಅಕ್ಕ